ಕೂಡುಗೋಡೆಯ ಮೇಲಿನ ಆಟ

ನಾನು ಪುಕ್ಕಲಿ. ಶಾಲೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಒಂಬತ್ತನೆಯ ತರಗತಿ ಗಪ್‌ಚಿಪ್ ಆಗುತ್ತದೆ. ಸಂಜೆ ಬಸವನ ಬಾಗೇವಾಡಿಯಲ್ಲಿ ಇಳಿಯುವಾಗ ಆ ಹೆಂಗಸು ಬಸ್ಸಿನಲ್ಲೇ ಉಳಿದುಬಿಡುತ್ತಾಳೆ. ಮನೆಗೆ ಬರುವವಳು ಬೇರೆ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತಾಳೆ, ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಸಿಂದಗಿಯಿಂದ ಗಂಡನ ಫೋನು ಹತ್ತು ನಿಮಿಷ ತಡವಾದರೆ ರಸ್ತೆಯ ಮೇಲಿನ ಅಪಘಾತಗಳನ್ನೆಲ್ಲ ಕಣ್ಣ ಮುಂದೆ ತಂದುಕೊಳ್ಳುತ್ತಾಳೆ.

ಇಂಥವಳ ಮನೆಯ ಕೆಳಗೆ ಭೂಮಿ ಬೇರೆ ಗುಡುಗುತ್ತದೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಎಲ್ಲೋ ಆಳದಲ್ಲಿ ಭಾರದ ಲಾರಿಯೊಂದು ಹಾದುಹೋದ ಹಾಗೆ ಗುರ್ ಎನ್ನುತ್ತದೆ, ಅಡುಗೆಮನೆಯ ಸ್ಟೀಲಿನ ಡಬ್ಬಿಗಳು ಒಂದಕ್ಕೊಂದು ತಾಗುತ್ತವೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಎಲ್ಲರೂ ಚಹಾ ಕುಡಿಯುತ್ತಾರೆ. ಒಂದು ಮಧ್ಯಾಹ್ನ ಹಾಗೆ ಗುಡುಗಿದಾಗ ನಮ್ಮ ಟಿ.ವಿ. ಎತ್ತರದ ಮರದ ಸ್ಟ್ಯಾಂಡಿನಿಂದ ಮುಂದಕ್ಕೆ ಬಾಗಿ ನೆಲಕ್ಕೆ ಬಿತ್ತು. ಬಿದ್ದದ್ದು ಅತ್ತೆ ಯಾವಾಗಲೂ ಕಾಲು ಚಾಚುವ ಜಾಗಕ್ಕೆ. ಅವರು ಆಗಷ್ಟೇ ಮಜ್ಜಿಗೆ ತರಲು ಎದ್ದು ಹೋಗಿದ್ದರು.

"ಇನ್ನ ಈ ಮನ್ಯಾಗ ಬೀಳೂವಂಥದ್ದು ಏನೂ ತರಬ್ಯಾಡ್ರಿ," ಎಂದು ಅತ್ತೆ ಹುಕುಂ ಮಾಡಿದರು.

ನನ್ನ ಗಂಡ ಸಿಂದಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಮುಂದಿನ ವಾರ ಇಂಡಿಗೆ ಹೋಗಿದ್ದವನು ಅಲ್ಲಿನ ಅಂಗಡಿಯಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ರೊಜೆಕ್ಟರ್ ತಂದ. "ಇದು ಬೀಳೂದಿಲ್ಲ. ಬಿದ್ರೂ ಯಾರ ಕಾಲೂ ಮುರಿಯೂದಿಲ್ಲ. ಗ್ವಾಡೀನ ನಿಮ್ಮ ಟೀವಿ," ಎಂದ. ಅತ್ತೆಗೆ ಒಪ್ಪಿಗೆಯಾಯಿತು. ಗೋಡೆಯೂ ಬೀಳುವಂಥದ್ದು ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆಟದ ಡಬ್ಬಿ ನನ್ನದು. ನಲವತ್ಮೂರು ವರ್ಷದ ಟೀಚರಮ್ಮ ವಿಡಿಯೊ ಗೇಮ್ ಆಡುತ್ತಾಳೆಂದು ನಗುವವರು ನಗಲಿ. ದಿನವಿಡೀ ಬೇರೆಯವರ ಮಕ್ಕಳ ತಪ್ಪು ಲೆಕ್ಕಗಳಿಗೆ ಕೆಂಪು ಗೆರೆ ಎಳೆದು ಬಂದವಳಿಗೆ ಒಂದು ತಾಸು ಬೇರೆ ಲೋಕ ಬೇಕಾಗುತ್ತದೆ. ನಾನು ಆಡುತ್ತಿದ್ದದ್ದು ಒಂದೇ ಆಟ. ಕೈಯಲ್ಲಿ ಕಂದೀಲು ಹಿಡಿದ ಪುಟ್ಟ ಹುಡುಗಿಯೊಬ್ಬಳು ಕತ್ತಲ ಗವಿಗಳನ್ನು ದಾಟಬೇಕು. ಹಾರಬೇಕು, ಹತ್ತಬೇಕು, ಮೇಲಿಂದ ಬೀಳುವ ಬಂಡೆ ತಪ್ಪಿಸಿಕೊಳ್ಳಬೇಕು. ಪರದೆಯ ಬಲ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಹಸಿರು ಕೋಲು ನಿಂತಿರುತ್ತದೆ. ಅದು ಅವಳ ಜೀವ. ಪೆಟ್ಟು ಬಿದ್ದಷ್ಟೂ ಅದರ ಹಸಿರು ಮಾಸುತ್ತ ಹೋಗುತ್ತದೆ. ಅಂಜುವವಳಿಗೆ ಇಂಥ ಆಟ ಯಾಕೆ ಎಂದು ಗಂಡ ಕೇಳುತ್ತಿದ್ದ. ಅಲ್ಲಿ ಸತ್ತರೆ ಮತ್ತೆ ಹುಟ್ಟುತ್ತಾಳಲ್ಲ, ಅದಕ್ಕೇ.

ನಮ್ಮದು ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಕಂಬ, ಮರದ ತೊಲೆ, ಮೇಲೆ ಮಣ್ಣು. ನಡುಮನೆಗೆ ಕಿಟಕಿಯೇ ಇಲ್ಲ, ಮೇಲೊಂದು ಬೆಳಕಿಂಡಿ ಮಾತ್ರ. ಮಳೆಗಾಲದಲ್ಲಿ ಅದಕ್ಕೆ ತಗಡು ಮುಚ್ಚಿದರೆ ಹಾಡುಹಗಲೇ ಸಿನಿಮಾ ಟಾಕೀಸಿನಷ್ಟು ಕತ್ತಲು. ಪ್ರೊಜೆಕ್ಟರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಅದನ್ನು ಒಂದು ಗೋಡೆಯ ಗೂಡಿನಲ್ಲಿಟ್ಟು ಎದುರಿನ ಸುಣ್ಣದ ಗೋಡೆಗೆ ಬೆಳಕು ಬಿಟ್ಟೆವು. ನಾನು ಗೂಡಿನ ನೇರ ಕೆಳಗೆ, ಗೋಡೆಗೊರಗಿ ಕೂರುತ್ತಿದ್ದೆ. ಮೊಣಕಾಲು ನೋವಿನ ಅತ್ತೆ ಬಲಕ್ಕೆ, ದೂರದ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅವರು ಆಡುತ್ತಿರಲಿಲ್ಲ, ನೋಡುತ್ತಿದ್ದರು. ಮೂರೇ ದಿನದಲ್ಲಿ ಕಂದೀಲಿನ ಹುಡುಗಿ ಅವರಿಗೆ ಮೊಮ್ಮಗಳಾದಳು.

"ಅಕೀಗಿ ಉಣ್ಣಾಕ ಯಾರ ಕೊಡ್ತಾರವಾ? ಮುಂಜಾನಿಂದ ಓಡಸ್ತಿ," ಎಂದು ನನ್ನನ್ನೇ ಬೈಯುತ್ತಿದ್ದರು.

ಬೆಳಕು ಬೀಳುತ್ತಿದ್ದ ಆ ಗೋಡೆ ನಮ್ಮದೊಂದೇ ಅಲ್ಲ, ಕೂಡುಗೋಡೆ. ಅದರ ಆಚೆ ಖಾಲಾನ ಮನೆ. ಖಾಲಾ ಎಂದರೆ ಚಿಕ್ಕಮ್ಮ. ಅತ್ತೆಯ ವಯಸ್ಸಿನವರು, ಓಣಿಗೆಲ್ಲ ಖಾಲಾನೇ. ಎರಡು ಮನೆಗಳೂ ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ನಮ್ಮ ಬಾಗಿಲು ಒಂದು ಓಣಿಗೆ, ಅವರ ಬಾಗಿಲು ಇನ್ನೊಂದು ಓಣಿಗೆ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಬೇಕೆಂದರೆ ಹಿಟ್ಟಿನ ಗಿರಣಿಯನ್ನು ಬಳಸಿ ದೊಡ್ಡ ಸುತ್ತು ಹಾಕಬೇಕು. ಅಷ್ಟು ದೂರ ಯಾರು ಹೋಗುತ್ತಾರೆ? ಅದಕ್ಕೆಂದೇ ಹಿರಿಯರ ಕಾಲದಿಂದ ಒಂದು ಪದ್ಧತಿ. ಕೂಡುಗೋಡೆಗೆ ಮೊಳೆ ಹೊಡೆಯಬೇಕಾದರೆ ಆಚೆಯವರನ್ನು ಕೇಳಬೇಕು. ಕರೆಯಬೇಕಾದರೆ ಮಾತ್ರ ಕೇಳಬೇಕಿಲ್ಲ, ಬಡಿದರೆ ಸಾಕು. ಒಂದು ಪೆಟ್ಟು ಎಂದರೆ ಮಾಳಿಗೆಗೆ ಬಾ, ಮಾತಾಡುವುದಿದೆ. ಎರಡು ಎಂದರೆ ನಳದ ನೀರು ಬಂದಿದೆ. ಮೂರು ಎಂದರೆ ಸದ್ದು ಕಡಿಮೆ ಮಾಡು. ಅತ್ತೆ ಒರಳಿನ ಗುಂಡಿನಿಂದ ಬಡಿಯುತ್ತಿದ್ದರು, ಖಾಲಾ ಲಟ್ಟಣಿಗೆಯಿಂದ. ಮೊಬೈಲು ಬಂದು ಎಷ್ಟೋ ವರ್ಷವಾದರೂ ಇಬ್ಬರಿಗೂ ಗೋಡೆಯ ಮೇಲೇ ನಂಬಿಕೆ.

ಆ ಮಳೆಗಾಲದಲ್ಲಿ ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಖಾಲಾನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಮನೆಯಲ್ಲಿ ಗಾಳಿ ಆಡದ, ಬೆಚ್ಚನೆಯ ಜಾಗವೆಂದರೆ ಕೂಡುಗೋಡೆಯ ಬದಿ. ಬಾಣಂತಿಯ ಮಂಚವನ್ನು ಗೋಡೆಗೆ ತಾಗಿಸಿ ಹಾಕಿದ್ದರು. ಕೂಸಿನ ಅಳು, ಲೋಬಾನದ ವಾಸನೆ ಎರಡೂ ನಮ್ಮ ನಡುಮನೆಗೆ ಬರುತ್ತಿದ್ದವು. ನಾನು ಸಂಜೆ ಆಟ ಶುರುಮಾಡಿ ಸದ್ದು ಜಾಸ್ತಿಯಾದರೆ ಆಚೆಯಿಂದ ಟಕ್ ಟಕ್ ಟಕ್. ಅತ್ತೆ ಕೂಡಲೇ, "ಆವಾಜ ಇಳಸ, ಕೂಸು ಮಲಗೈತಿ," ಎನ್ನುತ್ತಿದ್ದರು.

ಮಳೆ ಆ ಸಲ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆ ಮಳೆ ಬಂತು ಹೋಯಿತು ಎನ್ನುವಂಥದ್ದು, ಹೀಗೆ ವಾರಗಟ್ಟಲೆ ಜಿಟಿಜಿಟಿ ಸುರಿಯುವುದು ನಮಗೂ ನಮ್ಮ ಗೋಡೆಗಳಿಗೂ ರೂಢಿ ಇಲ್ಲ. ಎಲ್ಲೆಲ್ಲೂ ಹಸಿ ಮಣ್ಣಿನ ವಾಸನೆ. ನಡುನಡುವೆ ಒಂದೆರಡು ಸಲ ಭೂಮಿಯೂ ಗುರ್ ಎಂದಿತು.

ಅಂಥ ಒಂದು ಸಂಜೆ ಅತ್ತೆ ಮೊದಲ ಬಾರಿಗೆ ಹೇಳಿದರು, "ಆ ಹಸರ ಕೋಲು ಸೊಟ್ಟ ಆಗೈತಿ ನೋಡು."

ನಾನು ನೋಡಿದೆ. ನೆಟ್ಟಗೇ ಇತ್ತು. "ನೆಟ್ಟಗ ಐತಲ್ರೀ," ಎಂದೆ.

"ನಿನಗ ಐತಿ. ನನಗಿಲ್ಲ. ಇಲ್ಲಿ ಬಂದು ನೋಡು."

ಆಟ ನಿಲ್ಲಿಸಿ, ಗೊಣಗುತ್ತ ಹೋಗಿ ಕಂಬದ ಬಳಿ ಕೂತೆ. ಹೌದು, ಅಲ್ಲಿಂದ ನೋಡಿದರೆ ಕೋಲಿನ ನಡುಭಾಗ ಒಂದು ಬದಿಗೆ ಸರಿದಂತಿತ್ತು. ಇದರಲ್ಲಿ ಮಾಯೆಯೇನಿಲ್ಲ, ರೇಖಾಗಣಿತ. ಬೆಳಕು ಬಿಡುವ ಯಂತ್ರದ ನೇರ ಕೆಳಗೆ ಕೂತವರಿಗೆ ಗೋಡೆ ಎಷ್ಟೇ ಉಬ್ಬಿರಲಿ, ತಗ್ಗಿರಲಿ, ನಿಂತ ಗೆರೆ ನೆಟ್ಟಗೇ ಕಾಣುತ್ತದೆ. ಪಕ್ಕಕ್ಕೆ ಸರಿದು ಕೂತವರಿಗೆ ಮಾತ್ರ ಅದರ ಸೊಟ್ಟ ತಿಳಿಯುತ್ತದೆ. ಇದನ್ನು ಕರಿಹಲಗೆಯ ಮೇಲೆ ಎರಡು ನಿಮಿಷದಲ್ಲಿ ಸಾಧಿಸಿ ತೋರಿಸಬಲ್ಲೆ. ಆ ಸಂಜೆ ಯಾಕೆ ಹೊಳೆಯಲಿಲ್ಲ ಎಂದು ನನ್ನನ್ನು ಕೇಳಬೇಡಿ, ನಾನೇ ಕೇಳಿಕೊಂಡು ಸಾಕಾಗಿದ್ದೇನೆ.

ನಾನು ಮಾಡಿದ್ದು ಇಷ್ಟು. ರಿಮೋಟಿನಲ್ಲಿ ಚಿತ್ರದ ಮೂಲೆಗಳನ್ನು ಎಳೆದು ಸರಿಮಾಡುವ ಸೌಲಭ್ಯವಿದೆ. ಗುಂಡಿ ಒತ್ತಿದಷ್ಟೂ ಮೂಲೆ ಸರಿಯುತ್ತದೆ, ಎಷ್ಟು ಸರಿಯಿತೆಂದು ಒಂದು ಅಂಕಿ ತೋರಿಸುತ್ತದೆ. ಬಲಮೂಲೆಯನ್ನು ಎಳೆದೆ. ನಾಲ್ಕು. "ಈಗ?" ಎಂದೆ. "ಹೂಂ, ಈಗ ಅಡ್ಡಿಯಿಲ್ಲ," ಎಂದರು ಅತ್ತೆ. ನಡುವಿನ ಸೊಟ್ಟ ಪೂರ್ತಿ ಹೋಗಿರಲಿಲ್ಲ, ಕಣ್ಣಿಗೆ ಒಪ್ಪುವಷ್ಟಾಗಿತ್ತು.

ಎರಡು ದಿನದ ನಂತರ ಅತ್ತೆ ಮತ್ತೆ ಸೊಟ್ಟ ಎಂದರು. ಮತ್ತೆ ಎಳೆದೆ. ಏಳು. ಆಮೇಲೆ ಹನ್ನೊಂದು. ಹದಿನಾರು. ಭೂಮಿ ಗುಡುಗಿದಾಗ ಯಂತ್ರ ಗೂಡಿನಲ್ಲಿ ಸರಿಯುತ್ತಿದೆ ಎಂದು ನನ್ನ ಲೆಕ್ಕ. ಶನಿವಾರ ಬಂದ ಗಂಡನಿಗೂ ಹಾಗೇ ಹೇಳಿದೆ. ಅವನು ಯಂತ್ರದ ಕಾಲುಗಳ ಕೆಳಗೆ ರಬ್ಬರಿನ ತುಂಡು ಅಂಟಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದ. "ಇನ್ನ ಕೂದಲೆಳಿಯಷ್ಟು ಸರದ್ರೂ ಗೊತ್ತಾಗತೈತಿ," ಎಂದು ಹೇಳಿ ರವಿವಾರ ಸಿಂದಗಿಗೆ ಹೋದ.

ಮರುದಿನವೇ ಅತ್ತೆ ಮತ್ತೆ ಹೇಳಿದರು. ಆ ಹೊತ್ತಿಗೆ ನನಗೆ ರೇಗಿತ್ತು. ಇಡೀ ದಿನ ಪಾಠ ಮಾಡಿ ಬಂದವಳು ಒಂದು ತಾಸು ಆಡಬಾರದೇ? "ನಿಮ್ಮ ಕಣ್ಣ ಸೊಟ್ಟ ಆಗ್ಯಾವೇನೋ ನೋಡಕೋರಿ," ಎಂದುಬಿಟ್ಟೆ. ನಾನು ಮೂಲೆ ಎಳೆದೆ. ಇಪ್ಪತ್ತೆರಡು. ಅಂದಿನಿಂದ ಅವರು ಹೇಳುವುದನ್ನೇ ಬಿಟ್ಟರು. ಕೋಲಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡುತ್ತಿದ್ದರು. ಆ ನೋಟ ತಪ್ಪಿಸಿಕೊಳ್ಳಲು ನಾನೇ ಎದ್ದು ಹೋಗಿ, ಕಂಬದ ಬಳಿ ನಿಂತು ನೋಡಿ, ಎಳೆದು ಬರುತ್ತಿದ್ದೆ. ಇಪ್ಪತ್ತೊಂಬತ್ತು. ಮೂವತ್ತೆಂಟು.

ಆ ದಿನ ಶುಕ್ರವಾರ. ಮಳೆಗೆಂದು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಊಟವಾದ ಮೇಲೆ ಅತ್ತೆಗೆ ಎಲೆಯಡಿಕೆ ಕೊಟ್ಟು ಆಟ ಹಚ್ಚಿದೆ. ಹುಡುಗಿ ಅವತ್ತು ಚೆನ್ನಾಗಿ ಓಡುತ್ತಿದ್ದಳು. ಹಿಂದೆಂದೂ ದಾಟದ ಗವಿಯೊಂದನ್ನು ದಾಟುವುದರಲ್ಲಿದ್ದೆ, ಸಂಗೀತ ಜೋರಾಗಿತ್ತು.

"ಮತ್ತ ಸೊಟ್ಟ ಆತು," ಎಂದರು ಅತ್ತೆ, ಎಷ್ಟೋ ದಿನಗಳ ಮೇಲೆ. "ಮುಂಜಾನಿ ವಚನಾ ಹಚ್ಚಿದಾಗ ಹಿಂಗ ಇರಲಿಲ್ಲ."

ನಿನ್ನೆ ಸಂಜೆಯಷ್ಟೇ ಸರಿಮಾಡಿದ್ದೆ. ಬೆಳಿಗ್ಗೆ ಅವರಿಗೆ ವಚನ ಕೇಳಿಸಲು ಪ್ರೊಜೆಕ್ಟರ್ ಹಚ್ಚಿದಾಗಲೂ ಚಿತ್ರದ ಅಂಚು ನೆಟ್ಟಗಿತ್ತು. ಅರ್ಧ ದಿನದಲ್ಲಿ ಹೇಗೆ ಸರಿಯಿತು ಎಂದು ಸಿಟ್ಟಿನಿಂದ ಎದ್ದು, ಸ್ಟೂಲು ಹತ್ತಿ, ಮೊಬೈಲಿನ ಬೆಳಕು ಬಿಟ್ಟು ಗೂಡಿನೊಳಗೆ ನೋಡಿದೆ. ಗಂಡ ಎಳೆದ ಪೆನ್ಸಿಲಿನ ಗೆರೆಗಳೊಳಗೆ ಯಂತ್ರದ ನಾಲ್ಕೂ ಕಾಲು ಕೂತಿದ್ದವು. ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಯಂತ್ರ ಸರಿದಿಲ್ಲ. ಚಿತ್ರ ಸರಿದಿದೆ. ಹಾಗಾದರೆ ಸರಿದದ್ದು ಯಾವುದು?

ಇಳಿದು ಎದುರಿನ ಗೋಡೆಗೆ ಹೋಗಿ, ಮೂಲೆಯಲ್ಲಿ ನಿಂತು, ಗಲ್ಲವನ್ನು ಸುಣ್ಣಕ್ಕೆ ಹಚ್ಚಿ ಗೋಡೆಯ ಉದ್ದಕ್ಕೂ ನೋಡಿದೆ. ಆಚೆಯ ಮೂಲೆ ಕಾಣಬೇಕಿತ್ತು. ಕಾಣಲಿಲ್ಲ. ನಡುವೆ ಗೋಡೆ ಹೊಟ್ಟೆ ಬಿಟ್ಟು ನಿಂತಿತ್ತು. ದಿನ ತುಂಬಿದ ಬಸುರಿಯ ಹಾಗೆ. ಸುಣ್ಣದ ಬಿಳುಪಿಗೆ ಎದುರಿನಿಂದ ಅದು ಕಾಣುತ್ತಲೇ ಇರಲಿಲ್ಲ. ಅಂಗೈ ಇಟ್ಟೆ. ತಣ್ಣಗೆ, ಮೆತ್ತಗೆ ಇತ್ತು. ಉಗುರು ತಾಗಿದಲ್ಲಿ ಸುಣ್ಣದ ಹಕ್ಕಳೆ ಉದುರಿತು, ಒಳಗಿಂದ ತೆಳ್ಳನೆ ಕೆಸರು ಇಳಿದು ನನ್ನ ಮಣಿಕಟ್ಟಿಗೆ ಬಂತು.

ಆ ಹೊಟ್ಟೆಯ ಆಚೆಯಿಂದ, ಸರಿಯಾಗಿ ಆ ಎತ್ತರದಿಂದಲೇ, ಕೂಸು ಅಳುವುದು ಕೇಳಿಸಿತು.

ಬಡಿದು ಕರೆಯಬೇಕೆಂದು ನನ್ನ ಕೈ ತಾನಾಗಿ ಮುಷ್ಟಿ ಕಟ್ಟಿತ್ತು. ನಲವತ್ಮೂರು ವರ್ಷದಲ್ಲಿ ಇಪ್ಪತ್ತು ವರ್ಷ ಈ ಗೋಡೆ ಬಡಿದೇ ಬದುಕಿದ್ದೇನೆ. ಮುಷ್ಟಿಯನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದೆ. ಫೋನು ಹಚ್ಚಿದೆ. ಖಾಲಾನ ಫೋನು ಬಾರಿಸಿ ಬಾರಿಸಿ ನಿಂತಿತು. ಮಗಳದು ಸ್ವಿಚ್ ಆಫ್. ಕೂಸಿನ ನಿದ್ದೆಗೆಂದು ಅವಳು ಅದನ್ನು ಹಗಲೆಲ್ಲ ಆರಿಸಿಡುತ್ತಿದ್ದಳು. ಆ ಮನೆಯ ಗಂಡಸರು ಶುಕ್ರವಾರದ ನಮಾಜಿಗೆ ಹೋಗಿ ಅಲ್ಲಿಂದಲೇ ಅಂಗಡಿಗೆ ಹೋಗುವ ಹೊತ್ತು.

"ಎದ್ದೇಳ್ರಿ, ಹೊರಗ ನಡೀರಿ," ಎಂದು ಅತ್ತೆಯ ರಟ್ಟೆ ಹಿಡಿದೆ. ಅವರು ಯಾಕೆಂದು ಕೇಳಲಿಲ್ಲ. ಮೊಣಕಾಲು ನೆಟ್ಟಗಾಗಲು ಅವರಿಗೆ ಯಾವಾಗಲೂ ಹೊತ್ತು ಹಿಡಿಯುತ್ತದೆ. ಅಂದು ಒಂದು ಯುಗ ಹಿಡಿಯಿತು. ಹೊರಗಿನ ಕಟ್ಟೆಯ ಮೇಲೆ ಕೂರಿಸುವ ಮೊದಲೇ ನನ್ನ ಕೈ ಕೊಡವಿ, "ನನ್ನ ಬಿಡು. ಆ ಕಡಿ ಓಡು," ಎಂದರು.

ಓಡಿದೆ. ಓಣಿಯಲ್ಲಿ ಪಾದ ಮುಳುಗುವ ನೀರು. ಗಿರಣಿಯ ಹತ್ತಿರ ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಅಲ್ಲಿ ನೆನಪಾಯಿತು: ನಾನು ಆಟ ನಿಲ್ಲಿಸಿಲ್ಲ. ಸಂಗೀತ ಜೋರಾಗಿಯೇ ಇದೆ. ಗವಿಯಲ್ಲಿ ಹುಡುಗಿ ಬಂಡೆಯ ಕೆಳಗೆ ಸಿಕ್ಕು ಸಾಯುತ್ತಿರುತ್ತಾಳೆ, ಮತ್ತೆ ಹುಟ್ಟುತ್ತಿರುತ್ತಾಳೆ, ಪ್ರತಿ ಸಲವೂ ಆ ದೊಡ್ಡ ಸದ್ದು ಬರುತ್ತಿರುತ್ತದೆ. ಕೂಸು ಎದ್ದಿದೆ. ಖಾಲಾ ಇಷ್ಟು ಹೊತ್ತಿಗೆ ಲಟ್ಟಣಿಗೆ ಹುಡುಕುತ್ತಿರುತ್ತಾರೆ. ಹಿಂದೆ ಹೋಗಿ ಸದ್ದು ಆರಿಸಲೇ, ಮುಂದೆ ಓಡಲೇ? ಎರಡೂ ಕಡೆ ಸಮ ದೂರ. ಒಂದು ಕ್ಷಣ ಮಳೆಯಲ್ಲಿ ಸುಮ್ಮನೆ ನಿಂತುಬಿಟ್ಟೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಮುಂದಕ್ಕೆ ಓಡಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಖಾಲಾ ಮಂಚದ ತಲೆದೆಸೆಯಲ್ಲಿ, ಗೋಡೆಯ ಮುಂದೆ, ಲಟ್ಟಣಿಗೆ ಎತ್ತಿ ನಿಂತಿದ್ದರು.

"ಬಡೀಬ್ಯಾಡ್ರಿ!" ಎಂದು ಕಿರುಚಿದೆ.

ಖಾಲಾ ಬೆಚ್ಚಿ ತಿರುಗಿದರು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. "ಏನಾತವ್ವಾ? ಯಾರಿಗೇನಾತು?"

"ಗ್ವಾಡಿ ಹೊಟ್ಟಿ ಬಿಟ್ಟೈತ್ರಿ ಖಾಲಾ. ಹೊರಗ ಬರ್ರಿ. ಎಲ್ಲಾರೂ ಬರ್ರಿ."

ಖಾಲಾ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಎದುರಿನಿಂದ ನೋಡಿದರೆ ಏನು ಕಾಣುತ್ತದೆ? ಅವರ ಕಡೆಗೂ ಅಷ್ಟೇ ಬೆಳ್ಳಗಿನ ಸುಣ್ಣ. "ನೂರು ವರ್ಷದ ಗ್ವಾಡಿ ಇದು," ಎಂದರು. "ಹಿಂಥಾ ಮಳ್ಯಾಗ ಬಾಣಂತೀನ ಹೊರಗ ತರೂದಾ? ಇನ್ನ ನಲವತ್ತು ದಿನಾ ತುಂಬಿಲ್ಲ. ಇವತ್ತಿಗೆ ಮೂವತ್ತೊಂದು. ಗಾಳಿ ಹೊಡದ್ರ ಏನ್ ಮಾಡ್ಲಿ?"

ನಾನು ಏನೇನೋ ಹೇಳಿದೆ. ಪ್ರೊಜೆಕ್ಟರು, ಹಸಿರು ಕೋಲು, ಪೆನ್ಸಿಲಿನ ಗೆರೆ. ಹೇಳುತ್ತ ಹೇಳುತ್ತ ನನಗೇ ಅದು ಹುಚ್ಚಿಯ ಮಾತಿನಂತೆ ಕೇಳಿಸಿತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಮಗಳು ಮಂಚದ ಮೇಲೆ ಎದ್ದು ಕೂತು, ಅಮ್ಮನ ಮುಖ, ನನ್ನ ಮುಖ ನೋಡುತ್ತಿದ್ದಳು. ಗೋಡೆಯ ಆಚೆಯಿಂದ ನನ್ನದೇ ಆಟದ ಬಂಡೆ ಮತ್ತೊಮ್ಮೆ ಧಡ್ ಎಂದು ಬಿತ್ತು. ಕೂಸಿನ ತಲೆದಿಂಬಿನ ಮೇಲೆ ಚೂರು ಮಣ್ಣು ಉದುರಿತು. ಬಟಾಣಿಯಷ್ಟು. ನಾನೊಬ್ಬಳೇ ನೋಡಿದೆ.

ಮಾತು ಸಾಕಾಯಿತು. ಕೂಸನ್ನು ಹೊದಿಕೆಯ ಸಮೇತ ಎತ್ತಿಕೊಂಡು ಓಡಿದೆ.

ಜೀವಮಾನದಲ್ಲಿ ನಾನು ಯಾರದ್ದೂ ಏನನ್ನೂ ಕಸಿದವಳಲ್ಲ. ಹಿಂದಿನಿಂದ ಬಾಣಂತಿ ಚೀರುತ್ತ ಬಂದಳು, ಅವಳ ಹಿಂದೆ ಖಾಲಾ. "ಕೂಸಿನ ಒಯ್ದಳೋ! ತಲಿ ಕೆಟ್ಟೈತಿ ಇಕೀಗಿ!" ಎಂದು ಖಾಲಾ ಓಣಿಗೆಲ್ಲ ಕೇಳುವಂತೆ ಕೂಗಿದರು. ಅದೇ ನನಗೆ ಬೇಕಾಗಿತ್ತು. ಮೂವರೂ ಹೊರಗೆ ಬಂದಿದ್ದರು. ಗಿರಣಿಯ ಜಗುಲಿ ಹತ್ತಿ ಕೂಸನ್ನು ತಾಯಿಯ ಕೈಗೆ ಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ನನ್ನಿಂದ ದೂರ ಸರಿದು ಕೂತಳು. ಖಾಲಾ ತಮ್ಮ ಸೆರಗನ್ನು ಹರವಿ ಇಬ್ಬರಿಗೂ ಹೊದಿಸಿ ನನ್ನ ಕಡೆ ನೋಡಿದ ನೋಟವನ್ನು ಮರೆಯಲಾರೆ. ಗಿರಣಿಗೆ ಬಂದ ಹೆಂಗಸರು ಹಿಟ್ಟಿನ ಡಬ್ಬಿ ಹಿಡಿದು ಸುತ್ತ ನಿಂತರು.

ಗೋಡೆ ಬೀಳಲಿಲ್ಲ.

ಕಾಲು ತಾಸಾಯಿತು, ಅರ್ಧ ತಾಸಾಯಿತು. ಮಳೆ ಸುರಿಯುತ್ತಿತ್ತು. ಕೂಸು ಸೀನಿತು. ಒಂದೇ ಒಂದು ಸೀನು, ಆದರೆ ಜಗುಲಿಯ ಮೇಲಿದ್ದ ಎಲ್ಲರೂ ನನ್ನತ್ತ ತಿರುಗಿದರು. ನನಗೆ ಈಗ ಬೇರೆಯೇ ಹೆದರಿಕೆ ಶುರುವಾಗಿತ್ತು: ನಾನು ತಪ್ಪಿದ್ದರೆ? ಈ ಕೂಸಿಗೆ ನೆಗಡಿಯಾಗಿ, ಜ್ವರವಾಗಿ, ಏನಾದರೂ ಆದರೆ? ಆ ಹೊತ್ತಿನಲ್ಲಿ ನಾನು ಮಾಡಿದ ಒಂದು ಕೆಲಸ ಯಾರಿಗೂ ಹೇಳಿಲ್ಲ. ಕಣ್ಣು ಮುಚ್ಚಿ, ಬೀಳಲಿ ಎಂದು ಬೇಡಿಕೊಂಡೆ. ನನ್ನ ಮನೆಯ ಗೋಡೆ, ಖಾಲಾನ ಮನೆಯ ಗೋಡೆ, ಬೀಳಲಿ ದೇವರೇ ಎಂದು.

ಗಂಡನಿಗೆ ಫೋನು ಮಾಡಿದ್ದೆ. ಅವನು ಸಿಂದಗಿಯಿಂದಲೇ ಪರಿಚಯದ ಗೌಂಡಿಯೊಬ್ಬರನ್ನು ಕಳಿಸಿದ. ಮನೆ ಕಟ್ಟುವ ಕೆಲಸದಲ್ಲೇ ತಲೆ ಬೆಳ್ಳಗಾದ ಮನುಷ್ಯ. ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಂದು, ನನ್ನ ಕಥೆಯನ್ನು ಅರ್ಧ ಕೇಳಿ, ಖಾಲಾನ ಮನೆಯೊಳಗೆ ಹೋದರು. ಹೊಸ್ತಿಲಾಚೆ ನಿಂತು ನಾನೂ ಖಾಲಾನೂ ನೋಡಿದೆವು. ಗೋಡೆಯ ತಲೆಯಿಂದ ದಾರ ಇಳಿಬಿಟ್ಟು ತೂಗುಗುಂಡು ಬಿಟ್ಟರು. ದಾರ ನಡುವಿನಲ್ಲಿ ಗೋಡೆಗೆ ತಾಗಿ ಕೂತಿತು. ಕೆಳಗೆ ಗುಂಡು ಗೋಡೆಯಿಂದ ಅವರ ನಾಲ್ಕು ಬೆರಳಿನಷ್ಟು ದೂರ ಅಲುಗಾಡುತ್ತಿತ್ತು. ಗೋಡೆ ಎರಡೂ ಕಡೆ ಹೊಟ್ಟೆ ಬಿಟ್ಟಿತ್ತು. ಅವರು ದಾರವನ್ನು ನಿಧಾನಕ್ಕೆ ಸುತ್ತಿಕೊಂಡರು. ಹೆಜ್ಜೆಯ ಸದ್ದಾಗದಂತೆ ಹಿಂದೆ ಹಿಂದೆ ನಡೆದು ಹೊರಬಂದರು.

"ಒಳಗಿನ ಮಣ್ಣೆಲ್ಲ ತೊಯ್ದು ಅಂಬಲಿ ಆಗೈತ್ರಿ," ಎಂದರು ಮೆಲ್ಲಗೆ. "ಜೋರ್ ಮಾತಾಡಬ್ಯಾಡ್ರಿ. ಎರಡೂ ಮನೀ ಕರೆಂಟ್ ತಗೀರಿ. ಒಳಗ ಯಾರೂ ಹೋಗಬ್ಯಾಡ್ರಿ, ದಾಗೀನಾ ಇದ್ರೂ ಹೋಗಬ್ಯಾಡ್ರಿ."

ಖಾಲಾ ಗೋಡೆ ಹಿಡಿಯಲು ಕೈ ಚಾಚಿ, ಹಿಡಿಯದೆ, ನನ್ನ ಭುಜ ಹಿಡಿದುಕೊಂಡರು.

ಆಸರೆ ಕೊಡಲು ಮರದ ಬಲ್ಲಿ ತರಲು ಹೋದವರು ಬರುವ ಮೊದಲೇ, ಇಳಿಹೊತ್ತಿನ ಅಸರಿನ ಬಾಂಗು ಮುಗಿದ ಸ್ವಲ್ಪ ಹೊತ್ತಿಗೆ, ಅದು ಬಿತ್ತು. ಸಿನಿಮಾದಲ್ಲಿ ಕೇಳುವಂಥ ಸದ್ದಲ್ಲ. ಲಾರಿಯಿಂದ ಜೋಳದ ಚೀಲ ಇಳಿಸುವಾಗ ಬರುತ್ತದಲ್ಲ, ಧಪ್, ಧಪ್, ಆಮೇಲೆ ಒಂದು ಉದ್ದನೆಯ ಧಪ್. ಅಷ್ಟೇ. ಮರದ ಕಂಬ ತೊಲೆಗಳು ಮಾಳಿಗೆಯನ್ನು ಹಿಡಿದು ನಿಂತವು. ಮಳೆ ತಗ್ಗಿದ ಮೇಲೆ ಗೌಂಡಿಯ ಹಿಂದೆ ಹೊಸ್ತಿಲವರೆಗೆ ಹೋಗಿ ನೋಡಿದೆವು. ಮಂಚ ಕಾಣಲಿಲ್ಲ, ಅದರ ಒಂದು ಕಾಲು ಮಾತ್ರ ಕಲ್ಲುಗಳ ಕೆಳಗಿಂದ ಹೊರಗೆ ಚಾಚಿತ್ತು. ಕಲ್ಲಿನ ರಾಶಿಯ ಆಚೆಗೆ ನಮ್ಮ ನಡುಮನೆ, ಅತ್ತೆಯ ಕಂಬ, ನನ್ನ ಚಾಪೆ ಎಲ್ಲ ಕಾಣುತ್ತಿದ್ದವು. ಬಾಣಂತಿ ನನ್ನ ಕೈ ಹಿಡಿದು ಅಳಲು ಶುರುಮಾಡಿದಳು. ನನಗೂ ಅಳು ಬಂತು. ಅವಳು ಯಾತಕ್ಕೆ ಅತ್ತಳೋ ಅದಕ್ಕೆ ನಾನು ಅಳಲಿಲ್ಲ.

ನಲವತ್ತನೆಯ ದಿನ ಖಾಲಾನ ತಮ್ಮನ ಮನೆಯಲ್ಲಿ ಊಟವಿತ್ತು. ಮುದ್ದೇಬಿಹಾಳದಿಂದ ಬೀಗರು ಬಂದಿದ್ದರು. ಖಾಲಾ ನನ್ನನ್ನು ನಡುವೆ ಕೂರಿಸಿ ಎಲ್ಲರಿಗೂ ಹೇಳಿದರು, "ಇಕೀ ಆಟಾ ಆಡತಿದ್ದಿಲ್ಲಂದ್ರ ಇವತ್ತ ನನ್ನ ಮಗಳಿಲ್ಲ, ಮೊಮ್ಮಗ ಇಲ್ಲ. ಗ್ವಾಡಿ ಸರದದ್ದು ಇಕೀ ಒಬ್ಬಾಕೀಗಿ ತಿಳೀತು ನೋಡ್ರಿ." ಬೀಗಿತ್ತಿ ನನ್ನ ತಲೆ ಸವರಿ ದೃಷ್ಟಿಯಾಗದಿರಲೆಂದು ಲಟಿಗೆ ತೆಗೆದರು. ಕೂಸನ್ನು ನನ್ನ ತೊಡೆಯ ಮೇಲಿಟ್ಟರು.

ನನ್ನ ತೊಡೆಯ ಮೇಲೆ ಕೂಸು, ತಲೆಯಲ್ಲಿ ಅಂಕಿಗಳು. ನಾಲ್ಕು, ಏಳು, ಹನ್ನೊಂದು, ಹದಿನಾರು, ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಮೂವತ್ತೆಂಟು. ಮಕ್ಕಳಿಗೆ ಇಂಥ ಅಂಕಿ ಕೊಟ್ಟು ನಕ್ಷೆ ಬರೆಯಿರಿ ಎನ್ನುವವಳು ನಾನು. ಬರೆದಿದ್ದರೆ ಮೂರನೆಯ ಚುಕ್ಕಿಗೇ ಗೊತ್ತಾಗುತ್ತಿತ್ತು. ಗೋಡೆ ಪ್ರತಿ ಸಂಜೆ ತಾನು ಬೀಳುತ್ತೇನೆಂದು ಬರೆದು ತೋರಿಸುತ್ತಿತ್ತು, ನಾನು ಪ್ರತಿ ಸಂಜೆ ಅದನ್ನು ಅಳಿಸುತ್ತಿದ್ದೆ. ಆಟಕ್ಕೆ ಅಡ್ಡಿಯಾಗುತ್ತದೆಂದು. ಗೋಡೆ ಸರಿದದ್ದು ನನಗೊಬ್ಬಳಿಗೆ ತಿಳಿಯಿತಂತೆ. ಕೊನೆಗೆ ತಿಳಿದವಳು ನಾನು.

ಮೊದಲು ತಿಳಿದವರು ಎದುರಿಗೇ ಕೂತು ಶೀರಖುರ್ಮಾ ತಿನ್ನುತ್ತಿದ್ದರು. ಅತ್ತೆ ತಲೆ ಎತ್ತಲಿಲ್ಲ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬೆವರಿದೆ. ಬಟ್ಟಲು ಖಾಲಿಮಾಡಿ, ಇನ್ನೊಂದಿಷ್ಟು ಹಾಕಿಸಿಕೊಂಡರು, ಅಷ್ಟೇ.

ಊಟ ಮುಗಿಸಿ ಬರುವಾಗ ಗಿರಣಿಯ ಮುಂದೆ ನಿಂತು ಉಸಿರು ತೆಗೆದುಕೊಂಡು ಹೇಳಿದರು, "ನಾ ಯಾರ ಮುಂದೂ ಹೇಳೂದಿಲ್ಲ. ನೀನೂ ಹೇಳಬ್ಯಾಡ. ಆ ಹುಡುಗಿ ಹಾಲೂಡಸಾಕಿ, ನಿದ್ದಿ ಕೆಡತಾಳ." ಸ್ವಲ್ಪ ದೂರ ನಡೆದ ಮೇಲೆ, "ನನ್ನ ಕಣ್ಣ ಸೊಟ್ಟ ಇರಲಿಲ್ಲ," ಎಂದರು. ನಾನು ತಪ್ಪಾಯಿತು ಎಂದೆ. ಅವರು ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡರು. ಕೆಸರಿತ್ತು, ಜಾರುತ್ತದೆಂದು ಹಿಡಿದರೋ ಏನೋ.

ಆ ಕೂಸು ಈಗ ಮುದ್ದೇಬಿಹಾಳದಲ್ಲಿ ಅಂಗನವಾಡಿಗೆ ಹೋಗುತ್ತಾನೆ. ಇನ್ನು ಇದನ್ನು ಬರೆಯಬಹುದೇ ಎಂದು ಅತ್ತೆಯನ್ನು ಕೇಳಿಯೇ ಬರೆದೆ. ಕೂಡುಗೋಡೆಯನ್ನು ಎರಡೂ ಮನೆಯವರು ಕೂಡಿ ಇಟ್ಟಿಗೆ ಸಿಮೆಂಟಿನಲ್ಲಿ ಎಬ್ಬಿಸಿದೆವು. ತೆಳ್ಳಗಿದೆ, ಆಚೆ ಖಾಲಾ ಕೆಮ್ಮಿದರೂ ಕೇಳುತ್ತದೆ. ಈಗ ಯಾರೂ ಬಡಿಯುವುದಿಲ್ಲ. ಕರೆಯಬೇಕೆಂದರೆ ಮಾಳಿಗೆ ಹತ್ತಿ ಕೂಗುತ್ತೇವೆ.

ಗೂಡಿನಲ್ಲಿದ್ದ ಪ್ರೊಜೆಕ್ಟರಿಗೆ ಏನೂ ಆಗಿರಲಿಲ್ಲ. ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಆಮೇಲೆ ಅತ್ತೆಯೇ, "ಆ ಹುಡುಗಿ ಗವಿಯೊಳಗ ಸಿಕ್ಕೊಂಡ ಕುಂತಾಳ, ಹೊರಗರ ತಗೀ," ಎಂದರು. ಮತ್ತೆ ಹಚ್ಚಿದೆ. ಆಡುವ ಮೊದಲು ಕಂಬದ ಕಡೆ ತಿರುಗಿ ಕೇಳುತ್ತಿದ್ದೆ, "ನೆಟ್ಟಗ ಐತೇನ್ರಿ?" ಅತ್ತೆ 'ಐತಿ' ಎನ್ನುವವರೆಗೆ ಗುಂಡಿ ಒತ್ತುತ್ತಿರಲಿಲ್ಲ.

ಈಗ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಮೊನ್ನೆ ಬಹಳ ಹೊತ್ತು ದಿಟ್ಟಿಸಿ, "ನನಗ ತಿಳೀವಲ್ದು. ನೀನ ಇಲ್ಲಿ ಬಂದು ಕುಂದ್ರು," ಎಂದು ಜಾಗ ಬಿಟ್ಟರು. ಅಂದಿನಿಂದ ನಾನು ಕಂಬಕ್ಕೆ ಬೆನ್ನು ಕೊಟ್ಟು ಆಡುತ್ತೇನೆ. ಅಲ್ಲಿಂದ ಗವಿ ಓರೆಯಾಗಿ ಕಾಣುತ್ತದೆ, ಹಾರುವ ಲೆಕ್ಕ ತಪ್ಪುತ್ತದೆ, ಹುಡುಗಿ ಮೊದಲಿಗಿಂತ ಬೇಗ ಸಾಯುತ್ತಾಳೆ. ಸಾಯಲಿ, ಮತ್ತೆ ಹುಟ್ಟುತ್ತಾಳೆ. ನಾನು ಅವಳನ್ನು ನೋಡುತ್ತಿರುವುದಿಲ್ಲ, ಕೋಲನ್ನು ನೋಡುತ್ತಿರುತ್ತೇನೆ.